ಏಳು ವಾದಕರು, ಎರಡು ದಿನ, ಒಂದು ಹಳೆಯ ಚರ್ಚು: ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’

ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಐದೇ ರಚನೆಗಳಿರುವ, ಸುಮಾರು 45 ನಿಮಿಷಗಳ ಆಲ್ಬಂ. ನ್ಯೂಯಾರ್ಕಿನಲ್ಲಿ 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ಧ್ವನಿಮುದ್ರಣಗೊಂಡು ಅದೇ ವರ್ಷದ ಆಗಸ್ಟ್ 17ರಂದು ಕೊಲಂಬಿಯಾ ಕಂಪನಿಯಿಂದ ಹೊರಬಂತು. ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘವು 2019ರಲ್ಲಿ ಇದಕ್ಕೆ ಐದು ಪಟ್ಟು ಪ್ಲಾಟಿನಂ ಮಾನ್ಯತೆಯನ್ನು ನೀಡಿತು. ಅಂದರೆ ಅದೊಂದೇ ದೇಶದಲ್ಲಿ 50 ಲಕ್ಷ ಪ್ರತಿಗಳ ಲೆಕ್ಕ. ಸಾಹಿತ್ಯವಿಲ್ಲದ, ಕುಣಿತಕ್ಕೆ ಒದಗದ, ಬಹುಪಾಲು ನಿಧಾನಗತಿಯ ವಾದ್ಯಸಂಗೀತಕ್ಕೆ ಇಷ್ಟು ದೊಡ್ಡ ಕೇಳುಗ ಬಳಗ ದೊರೆತದ್ದು ಅಪರೂಪ. ಇಂದಿಗೂ ಎಲ್‌ಪಿ, ಸಿಡಿ, ಸ್ಟ್ರೀಮಿಂಗ್ ಹೀಗೆ ಎಲ್ಲ ರೂಪಗಳಲ್ಲೂ ಇದು ಸಿಗುತ್ತದೆ. ಆದರೆ ಈ ಆವೃತ್ತಿಗಳೆಲ್ಲ ಒಂದೇ ಗುಣಮಟ್ಟದವಲ್ಲ. ಆಶ್ಚರ್ಯವೆನಿಸಬಹುದು, ಒಂದೇ ಶ್ರುತಿಯವೂ ಅಲ್ಲ. ಕೊಳ್ಳುವವರಿಗೆ ಆ ವ್ಯತ್ಯಾಸವನ್ನು ತಿಳಿಸುವುದು ಈ ವಿಮರ್ಶೆಯ ಒಂದು ಉದ್ದೇಶ. ಅದಕ್ಕಿಂತ ಮುಖ್ಯವಾಗಿ, ಈ ಆಲ್ಬಮಿನ ಹಿರಿಮೆಗೆ ಅದರ ಸ್ವರಗಳು ಎಷ್ಟು ಕಾರಣವೋ ಅದನ್ನು ಸ್ಟುಡಿಯೋದಲ್ಲಿ ಕಟ್ಟಿದ ರೀತಿಯೂ ಅಷ್ಟೇ ಕಾರಣವೆಂದು ನಾನು ನಂಬಿದ್ದೇನೆ. ಮುಂದಾಳಾದವರು ಯಾರನ್ನು ಕರೆದರು, ಅವರಿಗೆ ಎಷ್ಟನ್ನು ಹೇಳಿದರು, ಎಷ್ಟನ್ನು ಹೇಳದೆ ಬಿಟ್ಟರು ಎಂಬುದೆಲ್ಲ ಇಲ್ಲಿ ಕಿವಿಗೇ ಕೇಳಿಸುತ್ತದೆ.

ಮೊದಲು ಸ್ಥಳದ ಮಾತು. ಮ್ಯಾನ್‌ಹಟನ್‌ನ ಪೂರ್ವ 30ನೇ ಬೀದಿಯಲ್ಲಿದ್ದ ಕೊಲಂಬಿಯಾದ ಸ್ಟುಡಿಯೋ ಮೂಲದಲ್ಲಿ ಒಂದು ಚರ್ಚು. 1940ರ ದಶಕದ ಕೊನೆಯಲ್ಲಿ ಕಂಪನಿ ಅದನ್ನು ಧ್ವನಿಮುದ್ರಣಕ್ಕೆ ಬಳಸಿಕೊಳ್ಳತೊಡಗಿತು; ಸಂಗೀತಗಾರರು ಅದನ್ನು ಕೊನೆಯವರೆಗೂ ‘ದ ಚರ್ಚ್’ ಎಂದೇ ಕರೆದರು. ಪಿಯಾನೊ ವಾದಕ ಗ್ಲೆನ್ ಗೂಲ್ಡ್ ಅವರು ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಕೃತಿಯನ್ನು 1955ರಲ್ಲೊಮ್ಮೆ, 1981ರಲ್ಲಿ ಮತ್ತೊಮ್ಮೆ ನುಡಿಸಿ ಮುದ್ರಿಸಿದ್ದೂ ಅಲ್ಲಿಯೇ. ಕಟ್ಟಡ ಈಗ ಉಳಿದಿಲ್ಲ. ಅತಿ ಎತ್ತರದ ಚಾವಣಿ, ಮರದ ನೆಲ, ವಿಶಾಲವಾದ ಒಳಾಂಗಣ ಇದ್ದ ಆ ಜಾಗದಲ್ಲಿ ನುಡಿದ ನಾದ ತಕ್ಷಣ ಸತ್ತುಹೋಗುತ್ತಿರಲಿಲ್ಲ. ಹಾಗೆಂದು ದೊಡ್ಡ ಮಂಟಪಗಳಲ್ಲಿ ಆಗುವಂತೆ ಒಂದರ ಮೇಲೊಂದು ಬಿದ್ದು ಕಲಸಿಯೂ ಹೋಗುತ್ತಿರಲಿಲ್ಲ. ‘ಕೈಂಡ್ ಆಫ್ ಬ್ಲೂ’ ಕೇಳುವಾಗ ಟ್ರಂಪೆಟ್ಟಿನ ಒಂದು ಉದ್ದನೆಯ ಸ್ವರ ನಿಂತ ಮೇಲೆ ಅದರ ಸುತ್ತ ಉಳಿಯುವ ಗಾಳಿಯನ್ನು ಗಮನಿಸಬೇಕು. ಆ ಗಾಳಿಯನ್ನು ಯಾರೂ ರಚಿಸಲಿಲ್ಲ, ಆದರೆ ಅದಿಲ್ಲದಿದ್ದರೆ ಈ ಸಂಗೀತದ ಬಿಡುವುಗಳು ಬರಿದಾಗಿ ಕೇಳಿಸುತ್ತಿದ್ದವು. ಮಿತವಾಗಿ ನುಡಿಸುವ ವಾದಕರಿಗೆ ಅಂಥ ಕೋಣೆ ಧೈರ್ಯ ಕೊಡುತ್ತದೆ. ಮುಂದಿನ ಸ್ವರವನ್ನು ಅವಸರದಿಂದ ಹಚ್ಚಬೇಕಾದ ಒತ್ತಾಯ ಇರುವುದಿಲ್ಲ.

ನಿರ್ಮಾಪಕರು ಅರ್ವಿಂಗ್ ಟೌನ್ಸೆಂಡ್, ಧ್ವನಿ ಎಂಜಿನಿಯರ್ ಫ್ರೆಡ್ ಪ್ಲಾಟ್. ಅವರ ಕೈಯಲ್ಲಿದ್ದದ್ದು ಮೂರು ಟ್ರ್ಯಾಕುಗಳ ಟೇಪು ಯಂತ್ರ. ಇಂದು ಒಂದು ಡ್ರಮ್ ಸೆಟ್ಟಿಗೇ ಎಂಟು ಹತ್ತು ಟ್ರ್ಯಾಕುಗಳನ್ನು ಮೀಸಲಿಡುವ ಕಾಲದಲ್ಲಿ ಮೂರು ಟ್ರ್ಯಾಕುಗಳೆಂದರೆ ಏನೆಂದು ಊಹಿಸುವುದು ಕಷ್ಟ. ಏಳು ವಾದಕರಲ್ಲಿ ಒಂದು ಸಲಕ್ಕೆ ಹೆಚ್ಚೆಂದರೆ ಆರು ಜನ ಒಟ್ಟಿಗೆ ನುಡಿಸುತ್ತಿರುವಾಗ ಯಾವ ವಾದ್ಯ ಎಷ್ಟು ಮುಂದಿರಬೇಕು, ಸಿಂಬಲ್ಲಿನ ಝೇಂಕಾರ ಪಿಯಾನೊದ ಮೇಲೆ ಎಷ್ಟು ಹರಿಯಬಹುದು ಎಂಬುದನ್ನೆಲ್ಲ ಬಹುಮಟ್ಟಿಗೆ ಅಲ್ಲೇ, ಆಗಲೇ ತೀರ್ಮಾನಿಸಬೇಕು. ನಂತರ ಸರಿಪಡಿಸಲು ಹೆಚ್ಚೇನೂ ಉಳಿಯುವುದಿಲ್ಲ. ಮೊದಲು ತಾಳವಾದ್ಯ, ವಾರದ ಬಳಿಕ ಪಿಯಾನೊ, ಆಮೇಲೆ ಊದುವಾದ್ಯ ಎಂದು ಪದರ ಪದರವಾಗಿ ಕೂಡಿಸುವ ಕೆಲಸ ಇಲ್ಲಿ ನಡೆದಿಲ್ಲ. ಎಲ್ಲರೂ ಒಂದೇ ಅಂಗಳದಲ್ಲಿ ನಿಂತು, ಕುಳಿತು, ಒಬ್ಬರು ಇನ್ನೊಬ್ಬರನ್ನು ಕೇಳಿಸಿಕೊಳ್ಳುತ್ತ ನುಡಿಸಿದ್ದನ್ನೇ ನಾವು ಕೇಳುತ್ತೇವೆ. ನಮ್ಮಲ್ಲಿಯೂ ಹಳೆಯ ಚಿತ್ರಗೀತೆಗಳು ಗಾಯಕರೂ ವಾದ್ಯವೃಂದವೂ ಒಟ್ಟಿಗೆ ಇದ್ದೇ ಮುದ್ರಣಗೊಳ್ಳುತ್ತಿದ್ದವು. ಈಗ ಬೆಂಗಳೂರಿನಲ್ಲಾಗಲಿ ಮುಂಬೈಯಲ್ಲಾಗಲಿ ಕಲಾವಿದರು ಬೇರೆ ಬೇರೆ ದಿನ ಬಂದು, ಹೆಡ್‌ಫೋನ್ ಹಾಕಿಕೊಂಡು, ಗತಿಯನ್ನು ಸೂಚಿಸುವ ಕ್ಲಿಕ್ ಟ್ರ್ಯಾಕಿನ ಲೆಕ್ಕಕ್ಕೆ ತಮ್ಮ ಪಾಲನ್ನು ನುಡಿಸಿ ಹೋಗುವುದು ಸಾಮಾನ್ಯವಾಗಿದೆ. ಆ ಪದ್ಧತಿಗೆ ಅದರದೇ ಅನುಕೂಲಗಳಿವೆ, ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಈ ಆಲ್ಬಂ ಆ ಪದ್ಧತಿಯಲ್ಲಿ ಹುಟ್ಟುವುದು ಸಾಧ್ಯವೇ ಇರಲಿಲ್ಲ.

ಮುದ್ರಣದ ನಡುವಿನ ಮಾತುಕತೆಯ ಕೆಲವು ತುಣುಕುಗಳು ಟೇಪಿನಲ್ಲಿ ಉಳಿದಿವೆ. ‘ಸೋ ವಾಟ್’ ರಚನೆಯ ಆರಂಭದ ಮೆಲುದನಿಯ ಭಾಗದಲ್ಲಿ ಸ್ನೇರ್ ಡ್ರಮ್ ತಾನಾಗಿಯೇ ಕಂಪಿಸಿ ಸದ್ದು ಮಾಡುತ್ತಿದೆಯೆಂದು ನಿರ್ಮಾಪಕರು ಒಳಗಿನ ಕೊಠಡಿಯಿಂದ ಗಮನಕ್ಕೆ ತರುತ್ತಾರೆ. ಅದೂ ಸಂಗೀತದ ಜೊತೆಗೇ ಬರುವಂಥದ್ದು, ಇರಲಿ ಎಂಬ ಅರ್ಥದ ಉತ್ತರ ಡೇವಿಸ್ ಅವರದು. ಇದು ಚಿಕ್ಕ ವಿಷಯವಲ್ಲ. ಸ್ಟುಡಿಯೋದಲ್ಲಿ ಸ್ವಚ್ಛತೆಗೂ ಜೀವಂತಿಕೆಗೂ ನಡುವೆ ಆಯ್ಕೆ ಬಂದಾಗ ಅವರು ಯಾವ ಕಡೆ ನಿಂತರೆಂಬುದು ಇದರಿಂದ ಗೊತ್ತಾಗುತ್ತದೆ. ಆ ಸ್ನೇರಿನ ಅತಿ ಸಣ್ಣ ಗರಗರ ಇಂದಿಗೂ ಒಳ್ಳೆಯ ಸ್ಪೀಕರಿನಲ್ಲಿ ಕೇಳಿಸುತ್ತದೆ. ಕೇಳಿಸಿದಾಗ ಆ ಕೋಣೆಯ ಗಾಳಿಯಲ್ಲಿ ಡಬಲ್ ಬಾಸಿನ ಕಂಪನ ಚರ್ಮವಾದ್ಯವನ್ನು ಮುಟ್ಟಿದ್ದು ನಮಗೂ ತಿಳಿಯುತ್ತದೆ.

ಇನ್ನು ಸಿದ್ಧತೆಯ ವಿಷಯ. ಪಿಯಾನೊ ವಾದಕ ಬಿಲ್ ಇವಾನ್ಸ್ ಅವರು ಆಲ್ಬಮಿನ ಹಿಂಬದಿಗೆ ಬರೆದ ಟಿಪ್ಪಣಿಯಲ್ಲಿ ಜಪಾನಿನ ಒಂದು ಚಿತ್ರಕಲಾ ಪದ್ಧತಿಯನ್ನು ವಿವರಿಸುತ್ತಾರೆ. ಬಿಗಿದು ಕಟ್ಟಿದ ತೆಳುವಾದ ಹಾಳೆಯ ಮೇಲೆ ಕುಂಚವನ್ನು ಎಲ್ಲಿಯೂ ಅಸಹಜವಾಗಿ ತಡೆಯದೆ ಎಳೆಯಬೇಕು. ತಡೆದರೆ ಹಾಳೆ ಹರಿಯುತ್ತದೆ, ತಿದ್ದುಪಡಿಗೆ ಅವಕಾಶವಿಲ್ಲ. ಡೇವಿಸ್ ಅವರು ಮುದ್ರಣಕ್ಕೆ ಕೆಲವೇ ಗಂಟೆಗಳ ಮೊದಲು ಈ ರಚನೆಗಳನ್ನು ಕಲ್ಪಿಸಿ, ಏನನ್ನು ನುಡಿಸಬೇಕೆಂಬ ರೇಖಾಚಿತ್ರಗಳನ್ನಷ್ಟೇ ತಂದರೆಂದು ಇವಾನ್ಸ್ ಹೇಳುತ್ತಾರೆ. ಪೂರ್ತಿ ಬರೆದ ಸ್ವರಲಿಪಿ ಇರಲಿಲ್ಲ; ಇಂಥ ಸ್ವರಶ್ರೇಣಿ, ಇಷ್ಟು ಅಳತೆ (ಅಂದರೆ ಮಾತ್ರೆಗಳ ಒಂದೊಂದು ಗುಂಪು), ಹೀಗೊಂದು ಪಲ್ಲವಿ ಎಂಬ ಸೂಚನೆಯಷ್ಟೇ ಇತ್ತು. ಕರ್ನಾಟಕ ಸಂಗೀತದ ಕಛೇರಿ ಕೇಳಿದವರಿಗೆ ಇದು ತೀರಾ ಹೊಸತೆನಿಸದು. ಮೃದಂಗ ವಿದ್ವಾಂಸರೂ ಪಿಟೀಲು ವಿದ್ವಾಂಸರೂ ಅಂದು ಹಾಡುವ ಕೃತಿಗಳ ಪಟ್ಟಿಯನ್ನು ಕೂಡ ನೋಡದೆ ವೇದಿಕೆಯೇರುವುದು ನಮ್ಮಲ್ಲಿ ವಾಡಿಕೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಕಛೇರಿಯಲ್ಲಿ ಎಲ್ಲರಿಗೂ ಮೊದಲೇ ಗೊತ್ತಿರುವ ಕೃತಿಗಳ ಸಂಪತ್ತಿದೆ, ತಾಳದ ಚೌಕಟ್ಟಿದೆ, ನೆರವಲಾದ ಮೇಲೆ ಸ್ವರಪ್ರಸ್ತಾರ, ಆಮೇಲೆ ತನಿ ಎಂಬ ಕ್ರಮವಿದೆ. ಈ ಆರು ಜನ ಅಂದು ತಾವು ಬಲ್ಲ ದಾರಿಯನ್ನೇ ಬಿಟ್ಟು ನಡೆಯಬೇಕಿತ್ತು.

ಆ ಬಲ್ಲ ದಾರಿ ಯಾವುದೆಂದರೆ, 1940ರ ದಶಕದಿಂದ ಬೆಳೆದುಬಂದ ಬಿಬಾಪ್ ಶೈಲಿ. ಅದರಲ್ಲಿ ಕಾರ್ಡುಗಳು, ಅಂದರೆ ಒಟ್ಟಿಗೆ ಮೊಳಗುವ ಸ್ವರಗುಚ್ಛಗಳು, ಎರಡು ಮೂರು ಮಾತ್ರೆಗಳಿಗೊಮ್ಮೆ ಬದಲಾಗುತ್ತವೆ. ವಾದಕರು ಪ್ರತಿ ಬದಲಾವಣೆಗೂ ತಕ್ಕ ಸ್ವರಗಳನ್ನು ಹೆಕ್ಕಿ ಅತಿವೇಗದಲ್ಲಿ ಹೆಣೆಯಬೇಕು. ಡೇವಿಸ್ ಅವರು ಆ ಶೈಲಿಯಲ್ಲೇ ಬೆಳೆದವರು. ಆದರೆ 1958ರ ಹೊತ್ತಿಗೆ ಅವರು ಬೇರೆಯದನ್ನು ಹುಡುಕುತ್ತಿದ್ದರು. 1953ರಲ್ಲಿ ಸ್ವರಶ್ರೇಣಿಗಳನ್ನು ಆಧರಿಸಿದ ತಮ್ಮ ಸಿದ್ಧಾಂತವನ್ನು ಪ್ರಕಟಿಸಿದ ಸಂಗೀತಗಾರ ಜಾರ್ಜ್ ರಸೆಲ್ ಅವರ ವಿಚಾರಗಳು ಡೇವಿಸ್ ಮತ್ತು ಇವಾನ್ಸ್ ಇಬ್ಬರಿಗೂ ಪರಿಚಿತವಾಗಿದ್ದವು. ಕಾರ್ಡುಗಳ ಓಟವನ್ನು ನಿಲ್ಲಿಸಿ, ಒಂದೇ ಸ್ವರಶ್ರೇಣಿಯಲ್ಲಿ ಹೆಚ್ಚು ಹೊತ್ತು ನಿಂತು, ಅದರ ಒಳಗಿನಿಂದ ರಾಗವನ್ನು ತೆಗೆಯುವುದು ಅವರು ಆರಿಸಿಕೊಂಡ ಮಾರ್ಗ. ಇದನ್ನು ಮೋಡಲ್ ಜಾಝ್ ಎನ್ನುತ್ತಾರೆ.

ಆಲ್ಬಂ ತೆರೆಯುವ ‘ಸೋ ವಾಟ್’ ಈ ಮಾರ್ಗದ ಅತ್ಯಂತ ಸ್ಪಷ್ಟ ಉದಾಹರಣೆ, ನನ್ನ ಮಟ್ಟಿಗೆ ಇಡೀ ಆಲ್ಬಮಿನ ಶಿಖರವೂ ಹೌದು. ಪಿಯಾನೊ ಮತ್ತು ಡಬಲ್ ಬಾಸ್ ತಾಳವಿಲ್ಲದೆ, ಹುಡುಕುತ್ತ ಸಾಗುವ ಸಣ್ಣ ಪೀಠಿಕೆಯ ನಂತರ ಬಾಸ್ ವಾದ್ಯ ತಾನೇ ಪಲ್ಲವಿಯನ್ನು ಎತ್ತಿಕೊಳ್ಳುತ್ತದೆ. ಸಾಮಾನ್ಯವಾಗಿ ಹಿಂದೆ ನಿಂತು ಆಧಾರ ಕೊಡುವ ವಾದ್ಯ ಮುಂದೆ ಬಂದು ಪ್ರಶ್ನೆ ಕೇಳುತ್ತದೆ. ಪಿಯಾನೊ ಮತ್ತು ಊದುವಾದ್ಯಗಳು ಎರಡೇ ಎರಡು ಸ್ವರಗುಚ್ಛಗಳಲ್ಲಿ ಉತ್ತರಿಸುತ್ತವೆ. ರಚನೆಯ ಒಂದು ಸುತ್ತಿನಲ್ಲಿ 32 ಅಳತೆಗಳಿವೆ. ಮೊದಲ 16 ಅಳತೆಗಳು ಒಂದು ಸ್ವರಶ್ರೇಣಿಯಲ್ಲಿ, ಮುಂದಿನ ಎಂಟು ಅದೇ ಶ್ರೇಣಿಯನ್ನು ಅರ್ಧ ಸ್ವರ ಮೇಲಕ್ಕೆತ್ತಿ, ಕೊನೆಯ ಎಂಟು ಮತ್ತೆ ಮೊದಲಿನ ನೆಲೆಯಲ್ಲಿ. ಅಷ್ಟೇ ಅದರ ಒಡಲು.

ಆ ಶ್ರೇಣಿಯನ್ನು ಪಾಶ್ಚಾತ್ಯರು ಡೋರಿಯನ್ ಎನ್ನುತ್ತಾರೆ. ಅದರ ಸ್ವರಸ್ಥಾನಗಳು ನಮ್ಮ 22ನೇ ಮೇಳಕರ್ತವಾದ ಖರಹರಪ್ರಿಯದವು, ಹಿಂದುಸ್ತಾನಿಯಲ್ಲಿ ಕಾಫಿ ಥಾಟಿನವು. ಆದ್ದರಿಂದ ನಮ್ಮ ಸಂಗೀತದ ಪರಿಚಯವಿರುವ ಕಿವಿಗೆ ಇಲ್ಲಿ ಪ್ರವೇಶ ಸುಲಭ. ಆದರೆ ಇದನ್ನು ಖರಹರಪ್ರಿಯವೆಂದು ಕರೆದು ಸಮಾಧಾನಪಟ್ಟುಕೊಳ್ಳುವುದು ತಪ್ಪಾಗುತ್ತದೆ. ಗಮಕಗಳಿಲ್ಲ, ರಾಗವನ್ನು ಗುರುತಿಸಿಕೊಡುವ ವಿಶೇಷ ಸಂಚಾರಗಳಿಲ್ಲ, ಜೀವಸ್ವರವೆಂದು ನಾವು ಹೇಳುವಂಥದ್ದರ ಕಲ್ಪನೆಯೂ ಬೇರೆ. ಎಲ್ಲಕ್ಕಿಂತ ಮಿಗಿಲಾಗಿ, ನಡುವಿನ ಎಂಟು ಅಳತೆಗಳಲ್ಲಿ ಆಧಾರ ಷಡ್ಜವೇ ಮೇಲಕ್ಕೆ ಜರುಗುತ್ತದೆ. ತಂಬೂರಿಯ ಶ್ರುತಿಯನ್ನು ಅಲುಗದ ನೆಲವೆಂದು ಭಾವಿಸಿ ಬೆಳೆದ ನಮಗೆ ಮೊದಲ ಕೆಲವು ಸಲ ಅಲ್ಲಿ ಹೆಜ್ಜೆ ತಪ್ಪಿದಂತೆ ಅನಿಸುವುದು ಸಹಜ. ನಾಲ್ಕೈದು ಬಾರಿ ಕೇಳಿದ ಮೇಲೆ ಅದೇ ಜರುಗುವಿಕೆಗೆ ಕಾಯುವಂತಾಗುತ್ತದೆ. ಮೇಲೆ ಹೋದದ್ದು ಕೆಳಗಿಳಿದು ಮೊದಲ ನೆಲೆಗೆ ಬರುವಾಗ ಸಿಗುವ ವಿಶ್ರಾಂತಿ, ಆವರ್ತದ ಸುತ್ತು ಮುಗಿದು ಸಮಕ್ಕೆ ಬಂದಾಗಿನ ವಿಶ್ರಾಂತಿಗೆ ಹತ್ತಿರವಾದದ್ದು.

ಪಲ್ಲವಿ ಮುಗಿದು ಡೇವಿಸ್ ಅವರ ಮನೋಧರ್ಮ, ಅಂದರೆ ಆ ಕ್ಷಣದಲ್ಲೇ ಕಲ್ಪಿಸಿ ನುಡಿಸುವ ಭಾಗ, ಆರಂಭವಾಗುವಾಗ ಡ್ರಮ್ಸ್ ವಾದಕ ಜಿಮ್ಮಿ ಕಾಬ್ ಅವರು ಸಿಂಬಲ್ಲಿಗೆ ಒಂದು ಪೆಟ್ಟು ಕೊಡುತ್ತಾರೆ. ಪೆಟ್ಟು ತುಸು ಜೋರಾಯಿತೆಂದು ತಮಗೆ ಆ ಹೊತ್ತಿಗೆ ಅನಿಸಿತ್ತೆಂದು ಅವರು ಮುಂದೆ ಹೇಳಿದ್ದಾರೆ. ಆದರೆ ಅದು ಎತ್ತರದ ಚಾವಣಿಯ ಕೆಳಗೆ ಹರಡಿ, ನಿಧಾನವಾಗಿ ಕರಗಿ, ಆ ಕರಗುವಿಕೆಯ ಮೇಲೆಯೇ ಟ್ರಂಪೆಟ್ಟಿನ ಮೊದಲ ಸ್ವರಗಳು ತೇಲಿಬರುತ್ತವೆ. ಕೋಣೆ, ವಾದಕ, ಯಂತ್ರ ಮೂರೂ ಕೂಡಿ ಮಾಡಿದ ಇಂಥ ಒಂದು ಕ್ಷಣವನ್ನು ಯಾವ ಯೋಜನೆಯೂ ತರಲಾರದು.

ಡೇವಿಸ್ ಅವರ ನುಡಿಕೆಯಲ್ಲಿ ಸ್ವರಗಳು ಕಡಿಮೆ, ಒಂದೊಂದೂ ತೂಕದ್ದು. ಅವರ ಬೆನ್ನಿಗೇ ಬರುವ ಟೆನರ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರು ತದ್ವಿರುದ್ಧ ಸ್ವಭಾವದವರು: ಸ್ವರಗಳು ಪ್ರವಾಹವಾಗಿ ಬರುತ್ತವೆ, ಒಂದೇ ಸಂಚಾರವನ್ನು ಮತ್ತೆ ಮತ್ತೆ ತಿರುವಿ, ಇನ್ನೊಂದು ಕೋನದಿಂದ ನೋಡಿ, ಬಗೆಹರಿಯದ ಯಾವುದನ್ನೋ ಬಗೆಹರಿಸಲು ಯತ್ನಿಸುವ ತುಡಿತ ಕೇಳಿಸುತ್ತದೆ. ಈ ಮುದ್ರಣ ಮುಗಿದು ಎರಡು ವಾರಗಳಾಗುವಷ್ಟರಲ್ಲಿ, 1959ರ ಮೇ ತಿಂಗಳ ಆರಂಭದಲ್ಲಿ, ಕೋಲ್ಟ್ರೇನ್ ಅವರು ತಮ್ಮದೇ ತಂಡದೊಂದಿಗೆ ಕಾರ್ಡುಗಳು ಅತ್ಯಂತ ದಟ್ಟವಾಗಿ, ವೇಗವಾಗಿ ಬದಲಾಗುವ ‘ಜೈಂಟ್ ಸ್ಟೆಪ್ಸ್’ ಆಲ್ಬಮಿನ ಮುಖ್ಯ ರಚನೆಯನ್ನು ಮುದ್ರಿಸಿದರು. ಅಂದರೆ ಎರಡು ವಿರುದ್ಧ ದಿಕ್ಕುಗಳ ಹುಡುಕಾಟ ಒಬ್ಬರಲ್ಲೇ ಏಕಕಾಲಕ್ಕೆ ನಡೆದಿತ್ತು. ಮುಂದೆ ಅವರು ಭಾರತೀಯ ಸಂಗೀತದತ್ತ ಆಳವಾಗಿ ಸೆಳೆಯಲ್ಪಟ್ಟು, ರವಿಶಂಕರ್ ಅವರನ್ನು ಭೇಟಿಮಾಡಿ, 1965ರಲ್ಲಿ ಹುಟ್ಟಿದ ತಮ್ಮ ಮಗನಿಗೆ ರವಿ ಎಂದು ಹೆಸರಿಟ್ಟರು. ಆ ಒಲವಿನ ಬೀಜ ‘ಸೋ ವಾಟ್’ನಂಥ ರಚನೆಗಳಲ್ಲಿ, ಒಂದೇ ಶ್ರೇಣಿಯಲ್ಲಿ ಬಹಳ ಹೊತ್ತು ನಿಲ್ಲುವ ಈ ಅಭ್ಯಾಸದಲ್ಲಿ, ಇದ್ದಿರಬೇಕೆಂದು ನನಗೆ ತೋರುತ್ತದೆ.

ಮೂರನೆಯವರು ಆಲ್ಟೋ ಸ್ಯಾಕ್ಸೊಫೋನಿನ ಕ್ಯಾನನ್‌ಬಾಲ್ ಆಡರ್ಲಿ. ಇವರ ನುಡಿಕೆ ದುಂಡಗೆ, ಬೆಚ್ಚಗೆ, ಆಫ್ರಿಕನ್ ಅಮೆರಿಕನ್ನರ ಬ್ಲೂಸ್ ಸಂಗೀತದ ನಗುವನ್ನು ಎಲ್ಲಿಯೂ ಬಿಟ್ಟುಕೊಡದಂಥದ್ದು. ಸ್ಟೀರಿಯೋ ಆವೃತ್ತಿಯಲ್ಲಿ ಕೋಲ್ಟ್ರೇನ್ ಎಡಗಡೆ, ಆಡರ್ಲಿ ಬಲಗಡೆ, ನಡುವೆ ಟ್ರಂಪೆಟ್ ಇರುವುದರಿಂದ ಈ ಮೂವರ ಸ್ವಭಾವಗಳ ಅಂತರ ದಿಕ್ಕಿನಲ್ಲೂ ಗೊತ್ತಾಗುತ್ತದೆ. ಒಂದೇ ಬಗೆಯವರನ್ನು ಕೂಡಿಸಿದ್ದರೆ ಆಲ್ಬಂ ಏಕತಾನವಾಗುತ್ತಿತ್ತು. ನಿಧಾನಗತಿಯ ಐದು ರಚನೆಗಳು 45 ನಿಮಿಷಗಳುದ್ದಕ್ಕೂ ನಮ್ಮನ್ನು ಹಿಡಿದಿಡುವುದಕ್ಕೆ ಮುಖ್ಯ ಕಾರಣ ಈ ಆಯ್ಕೆಯೇ. ಡೇವಿಸ್ ಅವರ ನಿಜವಾದ ರಚನೆ ಎಂದರೆ ಆ ತಂಡ ಎಂದು ಹೇಳಬಹುದು.

ಡಬಲ್ ಬಾಸ್ ನುಡಿಸಿದ ಪಾಲ್ ಚೇಂಬರ್ಸ್ ಅವರಿಗೆ ಎರಡನೆಯ ಮುದ್ರಣದ ದಿನ, ಏಪ್ರಿಲ್ 22ರಂದು, 24 ತುಂಬಿತು. ಆ ವಯಸ್ಸಿನಲ್ಲಿ ಅಷ್ಟು ಸ್ಥಿರವಾದ ಕಾಲಪ್ರಮಾಣ, ಅಷ್ಟು ತಾಳ್ಮೆ! ‘ಆಲ್ ಬ್ಲೂಸ್’ ರಚನೆಯಲ್ಲಿ ಅವರು ಒಂದು ಸಣ್ಣ ಸಂಚಾರವನ್ನು ಸುತ್ತಿ ಸುತ್ತಿ ನುಡಿಸುತ್ತ ಹನ್ನೊಂದೂವರೆ ನಿಮಿಷಗಳ ಭಾರವನ್ನು ಹೊರುತ್ತಾರೆ. ಗಮನ ಬೇಡದ, ಆದರೆ ಗಮನಿಸಿದಷ್ಟೂ ಗೌರವ ಹುಟ್ಟಿಸುವ ಕೆಲಸ ಅದು. ಅವರು 33ನೇ ವಯಸ್ಸಿನಲ್ಲಿ, 1969ರಲ್ಲಿ ತೀರಿಕೊಂಡರು. ಈ ಮುದ್ರಣದಲ್ಲಿ ಭಾಗವಹಿಸಿದ ವಾದಕರಲ್ಲಿ ಕೊನೆಯವರೆಗೆ ಉಳಿದಿದ್ದ ಜಿಮ್ಮಿ ಕಾಬ್ 2020ರ ಮೇ ತಿಂಗಳಲ್ಲಿ ನಿಧನರಾದರು.

ಪಿಯಾನೊ ವಿಷಯದಲ್ಲಿ ಒಂದು ನಾಜೂಕಿನ ಸಂಗತಿ ಇದೆ. ಬಿಲ್ ಇವಾನ್ಸ್ 1958ರ ಕೊನೆಯಲ್ಲೇ ಡೇವಿಸ್ ಅವರ ತಂಡವನ್ನು ಬಿಟ್ಟಿದ್ದರು. ತಂಡದ ಪಿಯಾನೊ ವಾದಕರಾಗಿ ವಿಂಟನ್ ಕೆಲಿ ಬಂದಿದ್ದರು. ಆದರೂ ಈ ಆಲ್ಬಮಿಗೆ ಡೇವಿಸ್ ಅವರು ಇವಾನ್ಸ್ ಅವರನ್ನು ಮತ್ತೆ ಕರೆಸಿಕೊಂಡರು. ಕೆಲಿ ಅವರು ಸ್ಟುಡಿಯೋಗೆ ಬಂದಾಗ ಪಿಯಾನೊ ಮುಂದೆ ಇನ್ನೊಬ್ಬರಿದ್ದರು. ಅವರ ಪಾಲಿಗೆ ಬಂದದ್ದು ‘ಫ್ರೆಡ್ಡಿ ಫ್ರೀಲೋಡರ್’ ಒಂದೇ. ಅದು ನೇರವಾದ ಬ್ಲೂಸ್, ಆಲ್ಬಮಿನಲ್ಲೇ ಅತ್ಯಂತ ಹಗುರವಾದದ್ದು, ಮೊದಲ ಮನೋಧರ್ಮವೂ ಕೆಲಿಯವರದೇ. ಲವಲವಿಕೆಯ ಆ ನುಡಿಕೆ ಕೇಳಿದರೆ ಡೇವಿಸ್ ಅವರ ಲೆಕ್ಕಾಚಾರ ತಿಳಿಯುತ್ತದೆ. ಬ್ಲೂಸಿನ ಚಲನೆಗೆ ಕೆಲಿ ಬೇಕಿತ್ತು, ಉಳಿದ ನಾಲ್ಕರ ಮಬ್ಬುಬೆಳಕಿಗೆ ಇವಾನ್ಸ್ ಬೇಕಿತ್ತು.

‘ಬ್ಲೂ ಇನ್ ಗ್ರೀನ್’ ಐದೂವರೆ ನಿಮಿಷಗಳ ಅತಿ ಚಿಕ್ಕ ರಚನೆ. ಆಡರ್ಲಿ ಇದರಲ್ಲಿ ನುಡಿಸುವುದಿಲ್ಲ. ಹತ್ತು ಅಳತೆಗಳ ಒಂದು ಸುತ್ತು, ಎಲ್ಲಿ ಆರಂಭ ಎಲ್ಲಿ ಮುಕ್ತಾಯ ಎಂದು ಸುಲಭಕ್ಕೆ ಗೊತ್ತಾಗದಂತೆ ತಿರುಗುತ್ತದೆ. ಡೇವಿಸ್, ಇವಾನ್ಸ್, ಕೋಲ್ಟ್ರೇನ್, ಮತ್ತೆ ಇವಾನ್ಸ್, ಮತ್ತೆ ಡೇವಿಸ್ ಎಂಬ ಅನುಕ್ರಮದಲ್ಲಿ ಒಬ್ಬೊಬ್ಬರೂ ಅದೇ ಸುತ್ತನ್ನು ಬೇರೆ ಬೇರೆ ಕಾಲದಲ್ಲಿ ನುಡಿಸುತ್ತಾರೆ; ಒಬ್ಬರು ನಿಧಾನಿಸಿದ್ದನ್ನು ಇನ್ನೊಬ್ಬರು ಇಮ್ಮಡಿ ವೇಗದಲ್ಲಿ ದಾಟುತ್ತಾರೆ. ವಿಳಂಬ, ಮಧ್ಯ ಕಾಲಗಳ ಲೆಕ್ಕ ತಿಳಿದವರು ಈ ದೃಷ್ಟಿಯಿಂದ ಒಮ್ಮೆ ಎಣಿಸುತ್ತ ಕೇಳಬೇಕು, ಮೊದಲ ಕೇಳ್ವಿಯಲ್ಲಿ ಬರೀ ವಿಷಾದವೆಂದು ತೋರಿದ್ದರ ಒಳಗೆ ಎಷ್ಟು ಖಚಿತವಾದ ಕಟ್ಟಡವಿದೆಯೆಂದು ಆಗ ತಿಳಿಯುತ್ತದೆ. ಇಲ್ಲಿ ಡೇವಿಸ್ ಅವರು ಟ್ರಂಪೆಟ್ಟಿನ ಬಾಯಿಗೆ ಹಾರ್ಮನ್ ಮ್ಯೂಟ್ ಎಂಬ ಲೋಹದ ಬಿರಡೆಯನ್ನು ಅಳವಡಿಸಿ, ಮೈಕಿಗೆ ತೀರ ಹತ್ತಿರದಿಂದ ನುಡಿಸಿದ್ದಾರೆ. ದನಿ ಸಣ್ಣದಾಗಿ, ಅಂಚು ಹರಿತವಾಗಿ, ಕಿವಿಯ ಪಕ್ಕದಲ್ಲೇ ಯಾರೋ ಮಾತನಾಡಿದಂತೆ ಕೇಳಿಸುತ್ತದೆ. ವಾದ್ಯದ ಬಗ್ಗೆ ಮಾತ್ರವಲ್ಲ, ಮೈಕಿನ ಬಗ್ಗೆಯೂ ಅವರಿಗೆ ಒಳ್ಳೆಯ ತಿಳಿವಳಿಕೆ ಇತ್ತು.

ಇದೇ ರಚನೆಯ ಕುರಿತು ನನ್ನ ಮೆಚ್ಚುಗೆಗೆ ಒಂದು ತೊಡಕೂ ಇದೆ. ಆಲ್ಬಮಿನ ಮೇಲೆ ರಚನಕಾರರೆಂದು ಡೇವಿಸ್ ಅವರ ಹೆಸರಿದೆ. ಇದು ತಮ್ಮ ರಚನೆಯೆಂದು ಇವಾನ್ಸ್ ಮುಂದೆ ಹೇಳಿಕೊಂಡಿದ್ದಾರೆ. ಆ ಮಾತನ್ನು ಎತ್ತಿದಾಗ ತಮಗೆ 25 ಡಾಲರಿನ ಚೆಕ್ಕು ಸಿಕ್ಕಿತೆಂದೂ ಹೇಳಿದ್ದಾರೆ. ಕೊನೆಯ ರಚನೆಯಾದ ‘ಫ್ಲಮೆಂಕೊ ಸ್ಕೆಚಸ್’ನ ಆರಂಭದ ಪಿಯಾನೊ ನುಡಿಕೆಯೂ ಇವಾನ್ಸ್ ಅವರು 1958ರ ಡಿಸೆಂಬರಿನಲ್ಲಿ ಮುದ್ರಿಸಿದ್ದ ‘ಪೀಸ್ ಪೀಸ್’ ಎಂಬ ಏಕವಾದನದಿಂದ ಬಂದದ್ದು ಎಂಬುದನ್ನು ಎರಡನ್ನೂ ಒಂದರ ಬೆನ್ನಿಗೊಂದು ಕೇಳಿದ ಯಾರಾದರೂ ಗುರುತಿಸಬಹುದು. ಸ್ಟುಡಿಯೋದಲ್ಲಿ ಹಲವರು ಕೂಡಿ ಕಟ್ಟುವ ಸಂಗೀತದಲ್ಲಿ ಯಾರ ಪಾಲು ಎಷ್ಟೆಂದು ಬರೆದಿಡುವ ಪ್ರಾಮಾಣಿಕತೆ ಅಗತ್ಯ, ಏಕೆಂದರೆ ರಾಯಧನ ಹೋಗುವುದು ಆ ಬರಹದ ಮೇಲೆ. ತಂಡದ ಆಯ್ಕೆಯಲ್ಲಿ ಅಷ್ಟು ಉದಾರರಾಗಿದ್ದವರು ಹೆಸರಿನ ವಿಷಯದಲ್ಲಿಯೂ ಉದಾರರಾಗಿದ್ದರೆ ಚೆನ್ನಾಗಿತ್ತು.

ಎರಡನೆಯ ಬದಿಯಲ್ಲಿ ಎರಡೇ ರಚನೆಗಳು. ‘ಆಲ್ ಬ್ಲೂಸ್’ ಆರು ಮಾತ್ರೆಗಳ ನಡೆಯ ಬ್ಲೂಸ್. ಅದರ ಮುಖ್ಯ ಶ್ರೇಣಿಯ ಸ್ವರಸ್ಥಾನಗಳು ಹರಿಕಾಂಭೋಜಿಯವು. ತೊಟ್ಟಿಲಿನ ತೂಗಾಟದ ಲಯ, ಹಿಂದೆ ಪಿಯಾನೊದ ನಿರಂತರ ಕಂಪಿತ, ಪಲ್ಲವಿಗೆ ಮ್ಯೂಟ್ ಹಾಕಿದ ಟ್ರಂಪೆಟ್, ಮನೋಧರ್ಮಕ್ಕೆ ಮ್ಯೂಟ್ ತೆಗೆದ ತೆರೆದ ದನಿ. ‘ಫ್ಲಮೆಂಕೊ ಸ್ಕೆಚಸ್’ನಲ್ಲಿ ಪಲ್ಲವಿಯೇ ಇಲ್ಲ. ಐದು ಸ್ವರಶ್ರೇಣಿಗಳ ಸರಣಿ ಮಾತ್ರ ಇದೆ, ಒಂದೊಂದರಲ್ಲಿ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತು ಮುಂದಿನದಕ್ಕೆ ದಾಟುವ ಸ್ವಾತಂತ್ರ್ಯ ನುಡಿಸುವವರದು. ಮೊದಲನೆಯದು ಶಂಕರಾಭರಣದ ಸ್ವರಗಳ ತಿಳಿಯಾದ ಶ್ರೇಣಿ. ನಾಲ್ಕನೆಯದರಲ್ಲಿ ಕೋಮಲ ಋಷಭ ಬಂದು ಸ್ಪೇನಿನ ಛಾಯೆ ಕವಿಯುತ್ತದೆ, ಹೆಸರಿಗೆ ಕಾರಣವೂ ಅದೇ. ರಾಗಮಾಲಿಕೆಯಲ್ಲಿ ರಾಗದಿಂದ ರಾಗಕ್ಕೆ ದಾಟುವ ಕ್ಷಣವನ್ನು ಸವಿಯಲು ಬಲ್ಲವರು ಇಲ್ಲಿ ಐದೂ ದಾಟುಗಳನ್ನು ಹಿಡಿಯಬಹುದು. ದಾಟುವ ಹೊತ್ತನ್ನು ಬಾಸ್ ಮತ್ತು ಪಿಯಾನೊ ಮುಂಚಿತವಾಗಿ ತಿಳಿಯುವಂತಿಲ್ಲ, ನುಡಿಸುವವರ ಉಸಿರನ್ನು ಗಮನಿಸಿಯೇ ಜೊತೆಗೆ ಹೋಗಬೇಕು. ಒಂದೇ ಕೋಣೆಯಲ್ಲಿ ಇರಬೇಕಾದ ಅಗತ್ಯ ಇಲ್ಲಿಗಿಂತ ಸ್ಪಷ್ಟವಾಗಿ ಬೇರೆಲ್ಲೂ ಕಾಣದು.

ಈಗ ಕೊಳ್ಳುವವರಿಗೆ ಬೇಕಾದ ವಿಷಯಕ್ಕೆ ಬರುತ್ತೇನೆ. ಮಾರ್ಚ್ 2ರಂದು ಮುಖ್ಯ ಟೇಪು ಯಂತ್ರ ನಿಗದಿತ ವೇಗಕ್ಕಿಂತ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಏರುತ್ತದೆ, ಗತಿಯೂ ಹೆಚ್ಚುತ್ತದೆ. ಆ ದಿನ ಮುದ್ರಣಗೊಂಡ ಮೂರು ರಚನೆಗಳು, ಅಂದರೆ ಎಲ್‌ಪಿಯ ಮೊದಲ ಬದಿ ಪೂರ್ತಿ, ಹೀಗೆ ಸುಮಾರು ಕಾಲು ಸ್ವರದಷ್ಟು ಏರಿದ ಶ್ರುತಿಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಮಾರಾಟವಾದವು. ಜೊತೆಯಲ್ಲೇ ಓಡುತ್ತಿದ್ದ ಎರಡನೆಯ, ಮುನ್ನೆಚ್ಚರಿಕೆಯ ಯಂತ್ರದ ವೇಗ ಸರಿಯಿತ್ತು. ಆ ಟೇಪನ್ನು ಬಳಸಿ 1992ರಲ್ಲಿ ಶ್ರುತಿ ಸರಿಪಡಿಸಿದ ಆವೃತ್ತಿ ಬಂತು. ಬರಿದೆ ಕೇಳುವವರಿಗೆ ಈ ಅಂತರ ಹೇಳಿದ ಮೇಲೆಯೂ ತಿಳಿಯದಿರಬಹುದು. ಆದರೆ ಕೊಳಲಿನಲ್ಲೋ ಹಾರ್ಮೋನಿಯಂನಲ್ಲೋ ಜೊತೆಗೆ ನುಡಿಸಿ ಅಭ್ಯಾಸ ಮಾಡಲು ಬಯಸುವವರಿಗೆ ಹಳೆಯ ಪ್ರತಿಯ ಮೊದಲ ಬದಿ ಯಾವ ಮನೆಗೂ ಕೂಡುವುದಿಲ್ಲ, ಎರಡನೆಯ ಬದಿ ಸರಿಯಾಗಿ ಕೂಡುತ್ತದೆ. ಆದ್ದರಿಂದ ಸೆಕೆಂಡ್ ಹ್ಯಾಂಡ್ ಎಲ್‌ಪಿ ಕೊಳ್ಳುವವರು ಅದು ಯಾವ ಕಾಲದ ಅಚ್ಚು ಎಂದು ವಿಚಾರಿಸಿಯೇ ಹಣ ಕೊಡಬೇಕು.

ಮೊದಲ ಅಚ್ಚುಗಳಲ್ಲಿ ಇನ್ನೂ ಕೆಲವು ದೋಷಗಳಿದ್ದವು: ಎರಡನೆಯ ಬದಿಯ ಎರಡು ರಚನೆಗಳ ಹೆಸರುಗಳು ಅದಲುಬದಲಾಗಿದ್ದವು, ಆಡರ್ಲಿ ಅವರ ಹೆಸರಿನ ಕಾಗುಣಿತ ತಪ್ಪಾಗಿತ್ತು. ಸಂಗ್ರಾಹಕರು ಇಂಥ ಪ್ರತಿಗಳಿಗೆ ದೊಡ್ಡ ಬೆಲೆ ತೆರುತ್ತಾರೆ. ಕೇಳುವುದಕ್ಕಾಗಿ ಕೊಳ್ಳುವವರಿಗೆ ಅವುಗಳ ಅಗತ್ಯವಿಲ್ಲ.

ಮೋನೊ ಮತ್ತು ಸ್ಟೀರಿಯೋ ಎರಡೂ 1959ರಲ್ಲಿಯೇ ಬಂದವು. ನನ್ನ ಶಿಫಾರಸು ಸ್ಟೀರಿಯೋಗೆ. ಮೋನೊದಲ್ಲಿ ವಾದ್ಯಗಳ ಒಟ್ಟಂದ ಗಟ್ಟಿಯಾಗಿದೆ ಎಂಬ ವಾದವಿದೆ, ಅದು ನಿಜವೂ ಹೌದು. ಆದರೆ ಕೋಣೆಯ ವಿಸ್ತಾರವನ್ನೂ ವಾದಕರ ನಡುವಿನ ದೂರವನ್ನೂ ಸ್ಟೀರಿಯೋ ಮಾತ್ರ ಕಟ್ಟಿಕೊಡುತ್ತದೆ. ಫೋನಿನ ಸ್ಪೀಕರಿನಲ್ಲಿ ಕೇಳಿದರೆ ಚೇಂಬರ್ಸ್ ಅವರ ಬಾಸ್ ಬಹುಪಾಲು ಮಾಯವಾಗುತ್ತದೆ, ಬಾಸ್ ಇಲ್ಲದ ‘ಸೋ ವಾಟ್’ ಪ್ರಶ್ನೆಯಿಲ್ಲದ ಉತ್ತರವಾಗುತ್ತದೆ. ಸಾಧಾರಣ ಬೆಲೆಯ ಒಂದು ಒಳ್ಳೆಯ ಹೆಡ್‌ಫೋನ್ ಇದ್ದರೂ ಸಾಕು. ಎಲ್‌ಪಿಯೇ ಬೇಕೆನ್ನುವವರಲ್ಲಿ ದುಬಾರಿ ಖರ್ಚಿಗೆ ಹಿಂಜರಿಯದವರಿಗೆ ಮೊಬೈಲ್ ಫಿಡೆಲಿಟಿ ಕಂಪನಿ 2015ರಲ್ಲಿ ತಂದ, ನಿಮಿಷಕ್ಕೆ 45 ಸುತ್ತಿನ ಎರಡು ತಟ್ಟೆಗಳ ಆವೃತ್ತಿಯೂ ಇದೆ. ಆದರೆ ಹತ್ತು ನಿಮಿಷಕ್ಕೊಮ್ಮೆ ಎದ್ದು ತಟ್ಟೆ ತಿರುಗಿಸುವುದು ಈ ಸಂಗೀತದ ಓಟಕ್ಕೆ ಅಡ್ಡಿಯೆಂದು ನನ್ನ ಅಭಿಪ್ರಾಯ. ಎರಡು ಬದಿಗಳ ಸಾಮಾನ್ಯ ಎಲ್‌ಪಿಯಲ್ಲಿ ಒಮ್ಮೆ ಮಾತ್ರ ಏಳಬೇಕು, ಆ ಬಿಡುವು ಸರಿಯಾದ ಜಾಗದಲ್ಲೇ ಬರುತ್ತದೆ.

ಬೆಲೆಗೆ ತಕ್ಕ ಮೌಲ್ಯ ನೋಡಿದರೆ 1997ರ ಮರುಮುದ್ರಿತ ಸಿಡಿ, ಅಥವಾ ಅದನ್ನು ಆಧರಿಸಿ ಮುಂದೆ ಬಂದ ಪ್ರತಿಗಳು, ಎಲ್ಲರಿಗೂ ಸಾಕು. ಅದರಲ್ಲಿ ಶ್ರುತಿ ಸರಿಯಿದೆ, ಜೊತೆಗೆ ‘ಫ್ಲಮೆಂಕೊ ಸ್ಕೆಚಸ್’ನ ಇನ್ನೊಂದು ಪೂರ್ಣ ಟೇಕ್ ಇದೆ. ಆಲ್ಬಮಿನಲ್ಲಿರುವುದು ಆರನೆಯ ಟೇಕ್, ಇದು ಮೊದಲನೆಯದು. ಅವೇ ಐದು ಶ್ರೇಣಿಗಳು, ಅವೇ ಆರು ಜನ, ಅದೇ ದಿನ, ಆದರೂ ಮನೋಧರ್ಮ ಬೇರೆಯೇ. 50ನೇ ವರ್ಷದ ನೆನಪಿಗೆ ಬಂದ ಆವೃತ್ತಿಯಲ್ಲಿ ಸ್ಟುಡಿಯೋದ ಮಾತುಕತೆಗಳೂ ಅರ್ಧಕ್ಕೆ ನಿಂತ ಆರಂಭಗಳೂ ಸೇರಿವೆ. ಸಂಗೀತ ಕಲಿಯುವವರೂ ಧ್ವನಿಮುದ್ರಣದ ಕೆಲಸದಲ್ಲಿರುವವರೂ ಅದನ್ನೇ ಹುಡುಕಿ ತರಿಸಿಕೊಳ್ಳುವುದು ಒಳ್ಳೆಯದು. ಮೊದಲ ಬಾರಿಗೆ ಕೇಳುವವರು ಮಾತ್ರ ಈ ಹೆಚ್ಚುವರಿ ಭಾಗಗಳನ್ನು ಸದ್ಯಕ್ಕೆ ಬಿಟ್ಟು, ಮೂಲ ಐದು ರಚನೆಗಳನ್ನು ಅದೇ ಅನುಕ್ರಮದಲ್ಲಿ, ಮಧ್ಯೆ ಬೇರೆ ಕೆಲಸಕ್ಕೆ ಏಳದೆ ಕೇಳಲಿ. ಮೊದಲ ಟೇಕನ್ನು ಆರನೆಯದರೊಂದಿಗೆ ಹೋಲಿಸುವ ಕೆಲಸ ಆರನೆಯದು ಮನಸ್ಸಿನಲ್ಲಿ ಚೆನ್ನಾಗಿ ಕುಳಿತ ಮೇಲೆ ಫಲ ಕೊಡುತ್ತದೆ.